ಜೋಳದ ಕಾಳಿನಷ್ಟು ಗಿಡ್ಡ

ನಾನೊಂದು ಶ್ರುತಿಕವೆ. ಪುಸ್ತಕದಲ್ಲಿ ನನಗೆ ಆ ಹೆಸರು. ಕಾಲೇಜಿನ ಹುಡುಗರು ಫೋರ್ಕ್ ಅಂದರು, ಪ್ರಯೋಗಾಲಯದ ಜವಾನ ಭರಮಪ್ಪ ಚಿಮಟಾ ಅಂದ. ಕರೆದವರು ಕರೆದ ಹಾಗೆ ಓಗೊಟ್ಟೆ. ಕೆಳಗೊಂದು ಹಿಡಿಕೆ, ಮೇಲೆ ಉಕ್ಕಿನ ಎರಡು ಕಾಲು, ಇಷ್ಟೇ ನಾನು. ಬಡಿದರೆ ಒಂದು ಸ್ವರ ಹೊರಡುತ್ತದೆ. ಹುಟ್ಟಿದಂದಿನಿಂದ ನನಗೆ ಬರುವುದು ಅದೊಂದೇ ಮಾತು. ಆ ಒಂದು ಮಾತನ್ನೂ ಜನ ನಂಬಲಿಲ್ಲ. ನನ್ನ ಮೈಮೇಲೆ ಬರೆದದ್ದನ್ನು ನಂಬಿದರು. ಅದರಿಂದ ಒಬ್ಬ ಹುಡುಗಿಯ ಬದುಕು ಹಾಳಾಯಿತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ನಾನು ಹುಟ್ಟಿದ್ದು ದೂರದ ಅಂಬಾಲಾದಲ್ಲಿ. ಕನ್ನಡಕದ ಮುದುಕನೊಬ್ಬ ನನ್ನನ್ನು ಅರದಿಂದ ಒಂದಿಷ್ಟು ಉಜ್ಜುವನು, ಮೊಣಕಾಲಿಗೆ ಬಡಿಯುವನು, ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚುವನು. ಮತ್ತೆ ಉಜ್ಜುವನು. ನನ್ನ ಕಾಲುಗಳು ಸೆಕೆಂಡಿಗೆ ಇನ್ನೂರ ಐವತ್ತಾರು ಸಲ ಹೋಗಿ ಬರುತ್ತವೆ ಎಂದು ಖಾತ್ರಿಯಾದ ಮೇಲೆಯೇ ಅವನು ಹಿಡಿಕೆಯ ಮೇಲೆ 256 ಎಂದು ಅಚ್ಚು ಹೊಡೆದದ್ದು. ಸೆಕೆಂಡಿಗೆ ಎಷ್ಟು ಸಲ ಎಂಬುದು ನನ್ನ ಆವೃತ್ತಿ. ಒಂದು ಸಲ ಹೋಗಿ ಬರಲು ಎಷ್ಟು ಹೊತ್ತು ಎಂಬುದು ನನ್ನ ಅವಧಿ. ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗಲೇಬೇಕು. ಇಷ್ಟು ತಿಳಿದರೆ ನನ್ನ ಜಾತಕ ತಿಳಿದಂತೆ.

ಅದೇ ದಿನ ಅದೇ ಕೈಯಲ್ಲಿ ನನ್ನ ಜೋಡಿಯೂ ಹುಟ್ಟಿತು. ಅದರ ಮೇಲೂ 256. ಎರಡೂ ಒಟ್ಟಿಗೆ ಹಾಡಿದರೆ ಒಂದೇ ಗಂಟಲು ಅನ್ನಿಸುತ್ತಿತ್ತು.

ನಮ್ಮಿಬ್ಬರನ್ನೂ ಒಂದು ಕಾಲೇಜಿನವರು ತರಿಸಿಕೊಂಡರು. ಅದು ಕೃಷ್ಣಾ ನದಿಯ ಕಡೆಯ ಮಗ್ಗಗಳ ಊರು. ಬೆಳಗಾದರೆ ಓಣಿ ಓಣಿಯಲ್ಲಿ ಖಟಾಖಟ್ ಸದ್ದು. ಅಂಥ ಊರಲ್ಲಿ ನನ್ನ ಸಣ್ಣ ದನಿ ಯಾರಿಗೆ ಬೇಕಿತ್ತೋ ಕಾಣೆ. ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಯಾವ ಸಾಮಾನು ಜೋಡಿಯಾಗಿ ಬಂದರೂ ಒಂದನ್ನು ಬಳಕೆಗೆ ಇಡುವುದು, ಇನ್ನೊಂದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕುವುದು. ತಪಾಸಣೆಗೆ ಮೇಲಿನವರು ಬಂದಾಗ ಕಪಾಟು ತೆರೆದು ತೋರಿಸಬೇಕಲ್ಲ! ನನ್ನ ಜೋಡಿ ಮಖಮಲ್ಲಿನ ಮೇಲೆ ಮಲಗಿತು. ನಾನು ಹುಡುಗರ ಕೈಗೆ ಬಿದ್ದೆ.

ನನ್ನನ್ನು ರಬ್ಬರಿನ ದಿಂಬಿಗೆ ಮೆಲ್ಲಗೆ ಬಡಿಯಬೇಕು. ಆ ದಿಂಬು ಯಾವತ್ತೋ ಕಳೆದುಹೋಗಿತ್ತು. ಹುಡುಗರು ಸಿಮೆಂಟಿನ ಮೇಜಿನ ಅಂಚಿಗೆ ಹೊಡೆದರು, ಕಿಟಕಿಯ ಸರಳಿಗೆ ಹೊಡೆದರು, ಒಬ್ಬ ಮಹಾರಾಯ ಗೆಳೆಯನ ಬೋಳು ತಲೆಗೇ ಹೊಡೆದ. ಹೀಗೆ ಒಂದು ದಿನ ನನ್ನ ಒಂದು ಕಾಲಿನ ತುದಿ ಚಕ್ಕೆ ಎದ್ದಿತು. ಮರುದಿನವೇ ತಪಾಸಣೆ. ಭರಮಪ್ಪ ನನ್ನನ್ನು ಎತ್ತಿ ನೋಡಿ ಲೊಚಗುಟ್ಟಿದ.

“ಅಯ್ಯ ನನ ಚಿಮಟಾ! ಸಾಹೇಬ್ರ ಮುಂದ ಹಿಂಗ ಹಲ್ಲ ಮುರಕೊಂಡ ನಿಂತ್ರ ನನ್ನ ಮರ್ಯಾದಿ ಏನ ಉಳೀತಲೇ?”

ಮನೆಯಿಂದ ಅರ ತಂದು, ಚಕ್ಕೆ ಎದ್ದ ಕಾಲನ್ನು ನುಣ್ಣಗೆ ಉಜ್ಜಿದ. ಅದು ಗಿಡ್ಡವಾಯಿತು. ಸರಿದೂಗಲೆಂದು ಇನ್ನೊಂದನ್ನೂ ಅಷ್ಟೇ ಉಜ್ಜಿದ. ಎಣ್ಣೆ ಸವರಿ, ಒರೆಸಿ, ಹಿಡಿಕೆಗೆ ಕೆಂಪು ಬಣ್ಣದ ಬೊಟ್ಟಿಟ್ಟ. “ಈಗ ನೋಡ್ರಿ, ಮದುಮಗ ಆಗ್ಯಾನ!” ಅಂದ. ಮೇಲಿನವರು ಬಂದರು, ನನ್ನ ಹೊಳಪು ನೋಡಿ ತಲೆಯಾಡಿಸಿದರು, ಅವಲಕ್ಕಿ ತಿಂದು ಹೋದರು. ನನ್ನನ್ನು ಯಾರೂ ಬಡಿದು ನೋಡಲಿಲ್ಲ.

ನಾನು ಗಿಡ್ಡವಾದದ್ದು ಒಂದು ಜೋಳದ ಕಾಳಿನಷ್ಟು. ಆದರೆ ಗಿಡ್ಡ ಕಾಲಿನವರು ಬೇಗ ಬೇಗ ಹೆಜ್ಜೆ ಹಾಕಬೇಕಲ್ಲವೇ? ನನ್ನ ಒಂದೊಂದು ಸಲದ ಹೊತ್ತು ಕಡಿಮೆಯಾಯಿತು, ಸಲಗಳು ಹೆಚ್ಚಾದವು. ಇನ್ನೂರ ಐವತ್ತಾರಿದ್ದದ್ದು ಇನ್ನೂರ ಎಪ್ಪತ್ತೆರಡಾಯಿತು. ಹಿಡಿಕೆಯ ಮೇಲಿನ ಅಚ್ಚು ಮಾತ್ರ ಹಾಗೆಯೇ ಉಳಿಯಿತು. ಭರಮಪ್ಪ ಮಾಡಿದ್ದು ಪ್ರೀತಿಯಿಂದ, ಅವನನ್ನು ನಾನು ಬೈಯುವುದಿಲ್ಲ.

ಇಷ್ಟಾದರೆ ಹುಡುಗರಿಗೆ ಉತ್ತರ ತಪ್ಪಿ ಬರಬೇಕಲ್ಲ, ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳುತ್ತೀರಿ. ಕೇಳಿ, ಅದೂ ಒಂದು ಕಥೆ. ಆ ಪ್ರಯೋಗಾಲಯದಲ್ಲಿ ಲೆಕ್ಕ ಮಾಡುತ್ತಿದ್ದದ್ದು ಕೆಳಗಿನಿಂದ ಮೇಲಕ್ಕೆ. ಹುಡುಗರು ಮೊದಲು ನನ್ನ ಹಿಡಿಕೆ ನೋಡುವರು. 256 ಎಂದು ಹಾಳೆಯ ತಳದಲ್ಲಿ ಉತ್ತರ ಬರೆಯುವರು. ಆಮೇಲೆ ಆ ಉತ್ತರ ಬರಬೇಕಾದರೆ, ನನ್ನ ಸ್ವರಕ್ಕೆ ಹೊಂದಿಸಿ ಅಳೆಯುವ ತಂತಿಯ ಉದ್ದ ಎಷ್ಟಿರಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕಿ, ಅನುಮಾನ ಬಾರದಿರಲೆಂದು ಒಂದು ಕೂದಲಷ್ಟು ಆಚೆ ಈಚೆ ಮಾಡಿ ತುಂಬುವರು. ಎಲ್ಲರಿಗೂ ಭೇಷ್! ನನ್ನನ್ನು ಬಡಿಯುತ್ತಿದ್ದದ್ದು ಬರೀ ಸದ್ದಿಗೆ.

ಹೀಗಿರುವಾಗ ಅರಳಿಕಟ್ಟಿ ಸರ್ ಬಂದರು, ಭೌತಶಾಸ್ತ್ರದ ಹೊಸ ಉಪನ್ಯಾಸಕರು. ಬಿಳಿ ಅಂಗಿ, ಸಣ್ಣ ಮೀಸೆ, ಬಾಯಲ್ಲಿ ಸದಾ ಒಂದು ಮಾತು: “ಕಂಡದ್ದು ಬರೀರಿ. ಬೇಕಾದ್ದು ಬರೀಬ್ಯಾಡ್ರಿ.” ಆಹಾ, ಕೇಳಿ ನನ್ನ ಉಕ್ಕೂ ಕರಗಿತ್ತು! ಬಂದ ಹೊಸದರಲ್ಲಿ ಅವರು ಕಪಾಟಿನಿಂದ ನನ್ನ ಜೋಡಿಯನ್ನು ತೆಗೆದು ಇಬ್ಬರನ್ನೂ ಒಟ್ಟಿಗೆ ಬಡಿದರು. ಒಂದೇ ಗಂಟಲಾಗಿದ್ದ ನಾವು ಗರಗರ ಅಂದೆವು. ಅವರ ಹುಬ್ಬು ಗಂಟಿಕ್ಕಿತು.

“ಭರಮಪ್ಪ, ಈ ಫೋರ್ಕ್ ಯಾರಾರ ಉಜ್ಜ್ಯಾರೇನು?”

“ನಾನ ಉಜ್ಜೇನ್ರಿ ಸರ್. ಚಂದ ಆಗಿಲ್ಲೇನ್ರಿ?”

ಸರ್ ನಮ್ಮಿಬ್ಬರನ್ನೂ ಮೇಜಿನ ಮೇಲಿಟ್ಟರು. ನನ್ನನ್ನು ತೆಗೆದು ಹಾಕಬೇಕೆಂದರೆ ಮೇಲಿನವರಿಗೆ ಬರೆಯಬೇಕು. ಸರಕಾರಿ ಸಾಮಾನು ಹಾಳು ಮಾಡಿದ್ದು ಯಾರು ಎಂದು ವಿಚಾರಣೆ ಬರುತ್ತದೆ, ಭರಮಪ್ಪನ ನೌಕರಿಗೆ ಸಂಚಕಾರ. ಜೋಡಿಯನ್ನು ಬಳಕೆಗೆ ತೆಗೆದರೆ ಕಪಾಟು ಬರಿದಾಗುತ್ತದೆ. “ಮುಂದಿನ ವರ್ಷ ನೋಡೂಣು” ಎಂದು ಜೋಡಿಯನ್ನು ಮತ್ತೆ ಮಖಮಲ್ಲಿನ ಮೇಲೆ ಮಲಗಿಸಿ ಬೀಗ ಹಾಕಿದರು. ಆ ಮುಂದಿನ ವರ್ಷ ಬರಲೇ ಇಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ಇಷ್ಟೆಲ್ಲ ಹೇಳಿದ್ದು ಮಹಾನಂದಾಳ ಸಲುವಾಗಿ.

ಮಹಾನಂದಾ ನೇಕಾರರ ಮನೆಯ ಹುಡುಗಿ, ಅಡ್ಡಹೆಸರು ಕೊಣ್ಣೂರ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ದಾವಣಿಗೆ ಅಂಟಿದ ಹತ್ತಿಯ ಎಳೆ. ಅವಳ ಓಣಿಯವನೇ ಆದ ಭರಮಪ್ಪ ಹೇಳುತ್ತಿದ್ದ, ಅವಳಪ್ಪ ಒಂದೇ ಮಾತು ಆಡಿದ್ದನಂತೆ: “ಪಾಸಾದ್ರ ಜಮಖಂಡಿಗೆ ಬಿ.ಎಸ್ಸಿ. ಓದಾಕ ಕಳಸ್ತೀನಿ. ನಪಾಸಾದ್ರ ಮಗ್ಗದ ಮುಂದ ನಿಲ್ಲಬೇಕು. ಎರಡನೇ ಮಾತಿಲ್ಲ.” ಹುಡುಗಿಗೆ ಮೇಷ್ಟರಾಗುವ ಹುಚ್ಚು. ಪಾಠ ಮುಗಿದ ಮೇಲೆ ಖಾಲಿ ಬೆಂಚುಗಳಿಗೆ ಪಾಠ ಹೇಳುವಳು. ನಾನೇ ಕೇಳಿದ್ದೇನೆ, ಚೆನ್ನಾಗಿ ಹೇಳುತ್ತಿದ್ದಳು.

ಆದರೆ ಅಲೆಗಳ ಪಾಠದಲ್ಲಿ ಅವಳೂ ಎಡವಿದಳು. ಆ ದಿನ ಸರ್ ಒಂದು ಗಾಜಿಗೆ ಚಿಮಣಿಯ ಮಸಿ ಹಿಡಿಸಿ ತಂದಿದ್ದರು. ನನ್ನ ಕಾಲ ತುದಿಗೆ ಒಂದು ಬಿರುಸು ಕೂದಲು ಅಂಟಿಸಿ, ಬಡಿದು, ಆ ಕೂದಲು ಮಸಿಗೆ ತಾಗುವಂತೆ ಹಿಡಿದು ಗಾಜನ್ನು ಸರ್ರನೆ ಎಳೆದರು. ಮಸಿಯಲ್ಲಿ ಬಳುಕುವ ಒಂದು ಗೆರೆ ಮೂಡಿತು. ಆಮೇಲೆ 512 ಎಂದು ಅಚ್ಚಿದ್ದ ಇನ್ನೊಂದು ಕವೆಯನ್ನು, ನನ್ನ ಅಣ್ಣನನ್ನು, ಹಿಡಿದು ಅಷ್ಟೇ ಬೇಗ ಎಳೆದರು. ಅವನ ಅಲೆಗಳು ಒತ್ತೊತ್ತಾಗಿ ಬಿದ್ದವು.

“ಯಾವುದರ ಅವಧಿ ಹೆಚ್ಚು?” ಅಂದರು ಸರ್.

“ಐನೂರ ಹನ್ನೆರಡರದ್ದು ಹೆಚ್ಚ್ರಿ. ಅಲೆ ಹೆಚ್ಚ ಅದಾವಲ್ರಿ” ಅಂದಳು ಮಹಾನಂದಾ. ಹುಡುಗರು ಕಿಸಕ್ಕನೆ ನಕ್ಕರು. ನಕ್ಕವರಿಗೂ ಗೊತ್ತಿರಲಿಲ್ಲ, ಬಿಡಿ.

ಸರ್ ಬೈಯಲಿಲ್ಲ. ಕಿಟಕಿ ತೆರೆದರು. ಹೊರಗೆ ಮಗ್ಗದ ಸದ್ದು. “ನಿಮ್ಮನ್ಯಾಗ ಮಗ್ಗ ಐತಿಲ್ಲವಾ? ಮಗ್ಗ ಜೋರ ನಡದ್ರ ಲಾಳಿ ನಿಮಿಷಕ್ಕ ಎಷ್ಟ ಸಲ ಹೋಗಿ ಬರತೈತಿ, ಹೆಚ್ಚೋ ಕಡಿಮಿನೋ?”

“ಹೆಚ್ಚ್ರಿ.”

“ಒಂದ ಸಲ ಹೋಗಿ ಬರಾಕ ಹಿಡಿಯೋ ಹೊತ್ತು?”

ಅವಳು ಬೆರಳಿನಿಂದ ಬೆಂಚಿನ ಮೇಲೆ ಮಗ್ಗದ ಹಾಗೆ ಬಡಿದು ನೋಡಿದಳು. ಆಮೇಲೆ ಮುಖವೆಲ್ಲ ಅರಳಿತು. “ಕಡಿಮಿ ಆಗತೈತ್ರಿ! ಏಟು ಹೆಚ್ಚಾದಂಗ ನಡುವಿನ ಹೊತ್ತು ಕಡಿಮಿ. ಅಯ್ಯ, ಇಷ್ಟೇನ್ರಿ ಸರ್? ನಮ್ಮವ್ವಗ ಸೈತ ಗೊತ್ತೈತ್ರಿ ಇದು!”

ಸರ್ ಗಟ್ಟಿಯಾಗಿ ನಕ್ಕರು. ಖುಷಿಯಲ್ಲಿ ನನ್ನನ್ನು ಬಡಿದು, ಹಿಡಿಕೆಯನ್ನು ಒಬ್ಬೊಬ್ಬರ ಕಿವಿಯ ಹಿಂದಿನ ಎಲುಬಿಗೆ ಊರಿ ತೋರಿಸಿದರು. ಅಲೆ ಎಲುಬಿನಲ್ಲೂ ಹರಿಯುತ್ತದೆ, ಕಿವಿ ಮಂದವಾದವರಿಗೂ ಹೀಗೆ ಕೇಳುವುದುಂಟು ಎಂದರು. ಮಹಾನಂದಾ ಕಣ್ಣು ಮುಚ್ಚಿ ಕೇಳಿದಳು. ನನ್ನ ಬಾಳಿನಲ್ಲಿ ಅಂಥ ದಿನ ಅದೊಂದೇ.

ಪರೀಕ್ಷೆ ಬಂತು. ಹೊರಗಿನಿಂದ ಒಬ್ಬ ಪರೀಕ್ಷಕರು ಬಂದರು, ಸಫಾರಿ ಅಂಗಿ ತೊಟ್ಟವರು. ಅವರು ಮೆಚ್ಚಿ ಬರೆದರೆ ಅರಳಿಕಟ್ಟಿ ಸರ್‌ಗೆ ಬಡ್ತಿ ಎಂದು ಕಾಲೇಜಿನಲ್ಲೆಲ್ಲ ಗುಸುಗುಸು. ಮಹಾನಂದಾಳ ಚೀಟಿಯಲ್ಲಿ ಬಂದದ್ದು ನಾನು: ಕೊಟ್ಟ ಶ್ರುತಿಕವೆಯ ಆವೃತ್ತಿ ಮತ್ತು ಅವಧಿ ಕಂಡುಹಿಡಿಯಿರಿ.

ಒಂದು ಉದ್ದನೆಯ ಟೊಳ್ಳು ಪೆಟ್ಟಿಗೆ, ಅದರ ಮೇಲೆ ತೂಕ ಕಟ್ಟಿ ಬಿಗಿದ ತಂತಿ, ತಂತಿಯ ಕೆಳಗೆ ಸರಿಸಬಹುದಾದ ಎರಡು ಮರದ ಕುದುರೆ. ತಂತಿಯ ಮೇಲೆ ಮಡಚಿದ ಒಂದು ಚೂರು ಕಾಗದ ಕೂರಿಸಬೇಕು. ನನ್ನನ್ನು ಬಡಿದು ಪೆಟ್ಟಿಗೆಗೆ ಊರಬೇಕು. ಕುದುರೆ ಸರಿಸುತ್ತಾ ಹೋದರೆ, ತಂತಿಯ ಕಂಪನ ನನ್ನ ಕಂಪನಕ್ಕೆ ಸರಿಹೊಂದುವ ಜಾಗದಲ್ಲಿ ಆ ಕಾಗದ ಕುಣಿದು ಕೆಳಗೆ ಬೀಳುತ್ತದೆ. ಕುದುರೆಗಳ ನಡುವಿನ ಆ ಉದ್ದ ಮತ್ತು ಕಟ್ಟಿದ ತೂಕದ ಲೆಕ್ಕದಿಂದ ನನ್ನ ಆವೃತ್ತಿ, ಒಂದು ಎಂಬ ಅಂಕಿಯನ್ನು ಅದರಿಂದ ಭಾಗಿಸಿದರೆ ನನ್ನ ಅವಧಿ.

ಅವಳು ನನ್ನನ್ನು ಮೇಜಿಗೆ ಬಡಿಯಲಿಲ್ಲ. ತನ್ನ ಮೊಣಕಾಲಿಗೆ ಬಡಿದಳು, ಅಂಬಾಲಾದ ಮುದುಕನ ಹಾಗೆ. ನಾನು ಜೀವ ತುಂಬಿ ಹಾಡಿದೆ. ಕಾಗದ ಕುಣಿದು ಬಿತ್ತು. ಲೆಕ್ಕ ಹಾಕಿದಳು. ಇನ್ನೂರ ಎಪ್ಪತ್ತೆರಡರ ಹತ್ತಿರ ಬಂತು. ಹಿಡಿಕೆ ನೋಡಿದಳು, ಮುಖ ಕಪ್ಪಿಟ್ಟಿತು. ಮತ್ತೆ ಮಾಡಿದಳು. ಅಷ್ಟೇ ಬಂತು. ಮೂರನೆಯ ಸಲವೂ ಅಷ್ಟೇ.

ಪಕ್ಕದ ಮೇಜಿನ ಹುಡುಗಿ ಪಿಸುಗುಟ್ಟಿದಳು, “ಲೇ ಹುಚ್ಚಿ, ಕೆಳಗಿನಿಂದ ಬರಿ! ಎರಡನೂರ ಐವತ್ತಾರು ಅಂತ ಹಾಕಿ ಮ್ಯಾಲಿಂದು ತುಂಬು.”

ಮಹಾನಂದಾ ಪೆನ್ನು ಕಚ್ಚಿಕೊಂಡು ನಿಂತಳು. ಅಷ್ಟರಲ್ಲಿ ಅರಳಿಕಟ್ಟಿ ಸರ್ ಅಲ್ಲಿಗೇ ಬಂದು ಅವಳ ಹಾಳೆಯ ಮೇಲೆ ಕಣ್ಣಾಡಿಸಿದರು. ಅವರು ನೋಡಿದರು. ನಾನು ಆಣೆ ಮಾಡಿ ಹೇಳುತ್ತೇನೆ, ನೋಡಿದರು. ಅವಳು ಅವರ ಮುಖ ನೋಡಿದಳು.

“ಸರ್, ಕಂಡದ್ದ ಬರೀಲೇನ್ರಿ?”

“ಬರಿ ಬರಿ, ಟೈಮ್ ಆತು” ಎಂದು ಸರ್ ಮುಂದಿನ ಮೇಜಿಗೆ ಸರಿದರು.

ಅವಳು ಕಂಡದ್ದನ್ನು ಬರೆದಳು.

ಪರೀಕ್ಷಕರು ಹಾಳೆ ನೋಡಿ ಹುಬ್ಬೇರಿಸಿದರು. “ಫೋರ್ಕಿನ ಮ್ಯಾಲೆ ಏನೈತಿ, ಓದವಾ.”

“ಎರಡನೂರ ಐವತ್ತಾರ್ರಿ.”

“ನೀ ಏನ ಬರದಿ?”

“ಎರಡನೂರ ಎಪ್ಪತ್ತೆರಡ್ರಿ. ಮೂರ ಸಲ ಮಾಡೇನ್ರಿ ಸರ್, ಮೂರೂ ಸಲ ಹಂಗ ಬಂತು. ಅಲ್ಲಿ ಬರದದ್ದಕ್ಕಿಂತ ಇದರ ಏಟು ಹೆಚ್ಚ ಅದಾವ್ರಿ, ಅವಧಿ ಕಡಿಮಿ ಐತಿ. ಫೋರ್ಕ್‌ನ್ಯಾಗ ಏನೋ ಐತ್ರಿ.”

“ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ!” ಪರೀಕ್ಷಕರು ನಕ್ಕರು. “ಉಕ್ಕಿನ ಮ್ಯಾಲೆ ಕೆತ್ತಿದ್ದು ಸುಳ್ಳು, ನಿನ್ನ ಹಾಳಿ ಖರೇ? ಇದ ಫೋರ್ಕ್ ಹಿಡದ ಉಳಿದವರಿಗೆಲ್ಲ ಬರೋಬರಿ ಬಂದೈತಲ್ಲ, ಅವರಿಗೇನ ದೇವರ ಬಂದು ಹೇಳಿದನೇನು? ಅರಳಿಕಟ್ಟಿಯವರ, ನಿಮ್ಮ ಫೋರ್ಕ್ ಸರಿ ಐತಿಲ್ಲೋ?”

ಆಗ ಸರ್ ನಿಂತಿದ್ದು ಕಪಾಟಿನ ಪಕ್ಕದಲ್ಲೇ. ಗಾಜಿನ ಹಿಂದೆ ನನ್ನ ಜೋಡಿ ಮಲಗಿತ್ತು. ಬೀಗದ ಕೈ ಅವರ ಜೇಬಿನಲ್ಲಿತ್ತು. ಕಪಾಟು ತೆರೆದು ನಮ್ಮಿಬ್ಬರನ್ನು ಪಕ್ಕ ಪಕ್ಕ ನಿಲ್ಲಿಸಿದ್ದರೆ ಸಾಕಿತ್ತು, ಬಡಿಯುವುದೂ ಬೇಕಿರಲಿಲ್ಲ. ಆದರೆ ತೆರೆದರೆ ಹಿಂದಿನ ವರ್ಷಗಳ ಹುಡುಗರಿಗೆಲ್ಲ ಭೇಷ್ ಎಂದದ್ದು ಹೇಗೆ ಎಂಬ ಪ್ರಶ್ನೆ ಬರುತ್ತಿತ್ತು. ಗೊತ್ತಿದ್ದೂ ಇಟ್ಟುಕೊಂಡಿದ್ದೇಕೆ ಎಂದು ಬರುತ್ತಿತ್ತು. ಸಫಾರಿ ಅಂಗಿಯ ಮುಂದೆ ಬಡ್ತಿ ಹಾರಿಹೋಗುತ್ತಿತ್ತು.

“ಸರಿ ಐತ್ರಿ ಸರ್” ಅಂದರು ಅರಳಿಕಟ್ಟಿ ಸರ್. “ಎಲ್ಲಾ ತಪಾಸಣಿ ಆಗೇತಿ.”

ಮಹಾನಂದಾ ಅವರನ್ನೇ ನೋಡಿದಳು. ನಾನು ಅವಳ ಕೈಯಲ್ಲಿದ್ದೆ. ನನಗಾದರೂ ಬಾಯಿ ಇತ್ತೇ? ಯಾರಾದರೂ ಬಡಿದರೆ ತಾನೇ ನಾನು ಮಾತಾಡುವುದು! ಅವಳು ನನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೋದಳು.

ಪ್ರಾಯೋಗಿಕದಲ್ಲಿ ಅವಳೊಬ್ಬಳೇ ನಪಾಸಾದಳು. ಕೆಳಗಿನಿಂದ ಬರೆದವರೆಲ್ಲ ಪಾಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮರುವರ್ಷ ಮತ್ತೆ ಪರೀಕ್ಷೆ ಕಟ್ಟುತ್ತೇನೆ ಎಂದು ಅವಳು ಅಪ್ಪನ ಕಾಲು ಹಿಡಿದಳಂತೆ. “ಮಾತಂದ್ರ ಮಾತು” ಅಂದನಂತೆ ಅಪ್ಪ. ಮರುದಿನದಿಂದ ಮಗ್ಗದ ಮುಂದೆ ನಿಂತಳು. ಇದನ್ನೆಲ್ಲ ಭರಮಪ್ಪ ನನ್ನನ್ನು ಒರೆಸುತ್ತಾ ಹೇಳಿಕೊಂಡು ಮರುಗಿದ. “ಶ್ಯಾಣ್ಯಾ ಹುಡುಗಿ, ಪಾಪ, ಲೆಕ್ಕದಾಗ ಎಲ್ಲೆ ತಪ್ಪಿದಳೋ ಏನೋ” ಅಂದ. ತನ್ನ ಅರದಿಂದಲೇ ಇದಾಯಿತು ಎಂಬ ಸಂಗತಿ ಅವನಿಗೆ ಕೊನೆಗೂ ತಿಳಿಯಲಿಲ್ಲ.

ಅರಳಿಕಟ್ಟಿ ಸರ್ ಪ್ರಿನ್ಸಿಪಾಲರಾದರು. ಆಮೇಲೆ ತರಗತಿಯಲ್ಲಿ ಅವರು ಕಂಡದ್ದು ಬರೀರಿ ಎಂದದ್ದನ್ನು ನಾನು ಕೇಳಲಿಲ್ಲ.

ಕಾಲ ಸರಿಯಿತು. ಪ್ರಯೋಗಾಲಯಕ್ಕೆ ಗುಂಡಿ ಒತ್ತಿದರೆ ಬೇಕಾದ ಸ್ವರ ಕೊಡುವ ಯಂತ್ರಗಳು ಬಂದವು. ನಮ್ಮನ್ನೆಲ್ಲ ಗೋಣಿಗೆ ತುಂಬಿ ಗುಜರಿಗೆ ಹಾಕಿದರು. ಬಳಸಿದ್ದು, ಬಳಸದ್ದು ಎಂಬ ಭೇದ ಗುಜರಿಯವನಿಗೆಲ್ಲಿ? ನನ್ನ ಜೋಡಿಯೂ ನನ್ನ ಪಕ್ಕಕ್ಕೇ ಬಂದು ಬಿತ್ತು. ಅಷ್ಟು ವರ್ಷ ಮಖಮಲ್ಲಿನ ಮೇಲೆ ಮಲಗಿದರೂ ಕೊನೆಗೆ ಅದೇ ಗೋಣಿ. ನನಗೆ ಒಳಗೊಳಗೇ ನಗು ಬಂತು.

ಒಂದು ಮಧ್ಯಾಹ್ನ ಮಗ್ಗದ ಬಿಡಿಭಾಗ ಹುಡುಕಿಕೊಂಡು ಒಬ್ಬ ಹೆಂಗಸು ಬಂದಳು. ಕೂದಲು ಅಲ್ಲಲ್ಲಿ ನರೆತಿತ್ತು, ಸೆರಗಿಗೆ ಹತ್ತಿಯ ಎಳೆ ಅಂಟಿತ್ತು. ಗೋಣಿ ಕೆದಕುತ್ತಿದ್ದ ಕೈ ಕೆಂಪು ಬೊಟ್ಟಿನ ಮೇಲೆ ನಿಂತಿತು. ಆ ಕೈಯನ್ನು ನಾನು ಗುರುತಿಸಿದೆ. ಅವಳು ನನ್ನನ್ನು ಎತ್ತಿದಳು. ಆಗ ಕಪಾಟಿನ ಗಾಜಿನ ಹಿಂದೆ ಅವಳು ಕಂಡಿದ್ದ ನನ್ನ ಜೋಡಿಯನ್ನೂ ಎತ್ತಿ, ಎರಡರ ಮೇಲಿನ ಅಂಕಿಯನ್ನೂ ಓದಿದಳು. ಆಮೇಲೆ ತಕ್ಕಡಿಯ ಹಲಗೆಯ ಮೇಲೆ ನಮ್ಮಿಬ್ಬರನ್ನೂ ಪಕ್ಕ ಪಕ್ಕ ನಿಲ್ಲಿಸಿದಳು.

ನಾನು ಜೋಳದ ಕಾಳಿನಷ್ಟು ಗಿಡ್ಡ.

“ಏನ ಬೇಕಾಗಿತ್ತಕ್ಕಾ?” ಅಂದ ಗುಜರಿಯ ದಸ್ತಗೀರ.

ಅವಳು ಅಲ್ಲೇ ಗೋಣಿಯ ಮೇಲೆ ಕೂತಳು. ನನ್ನನ್ನು ಮೊಣಕಾಲಿಗೆ ಬಡಿದಳು, ಆಮೇಲೆ ಅದನ್ನು. ಕೇಳಿದಳು. “ಬಾಜೂಕ ಇಟ್ಟಿದ್ರ ಸಾಕಿತ್ತಲ್ಲೋ ಯಣ್ಣಾ” ಅಂದಳು. “ಬಾಜೂಕ ಇಟ್ಟಿದ್ರ ಸಾಕಿತ್ತು.” ದಸ್ತಗೀರನಿಗೆ ಏನೂ ತಿಳಿಯಲಿಲ್ಲ. ನೀರು ತಂದು ಕೊಟ್ಟ.

ಅವಳು ನಮ್ಮಿಬ್ಬರನ್ನೂ ಸೆರಗಿನಲ್ಲಿ ಸುತ್ತಿಕೊಂಡು ನೆಟ್ಟಗೆ ಅರಳಿಕಟ್ಟಿ ಸರ್ ಮನೆಗೆ ನಡೆದಳು. ಸರ್ ನಿವೃತ್ತರಾಗಿ ಅದೇ ಊರಲ್ಲಿ ಮನೆ ಕಟ್ಟಿಸಿದ್ದರು. ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು, ಮುದುಕರಾಗಿದ್ದರು. ಕಿವಿ ಬಹಳ ಮಂದವಾಗಿತ್ತು.

“ಸರ್, ನಾ ಮಹಾನಂದಾ. ಕೊಣ್ಣೂರ ಮಹಾನಂದಾ.”

“ಏನವಾ? ಜೋರ ಮಾತಾಡು, ಕೇಳಸೂದಿಲ್ಲ.”

ಅವಳು ಜೋರಾಗಿ ಮಾತಾಡಲಿಲ್ಲ. ನನ್ನ ಜೋಡಿಯನ್ನು ಮೊಣಕಾಲಿಗೆ ಬಡಿದು, ಹಿಡಿಕೆಯನ್ನು ಅವರ ಕಿವಿಯ ಹಿಂದಿನ ಎಲುಬಿಗೆ ಊರಿದಳು. ಅವರೇ ಕಲಿಸಿದ್ದು. ಮುದುಕರ ಕಣ್ಣು ಅಗಲವಾಯಿತು. ಅದು ನಿಂತ ಮೇಲೆ ನನ್ನನ್ನು ಬಡಿದು ಊರಿದಳು. ಆ ಎಲುಬಿನೊಳಗೆ ನಾನು ನನ್ನ ಒಂದೇ ಮಾತನ್ನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಕೆಂಪು ಬೊಟ್ಟು ನೋಡಿದರು, ಅವಳ ಮುಖ ನೋಡಿದರು. ಗುರುತು ಹತ್ತಿತು.

ಅವಳು ಅವರ ಕಿವಿಯ ಹತ್ತಿರ ಬಗ್ಗಿ ಕೇಳಿದಳು, “ನಿಮಗ ಅವತ್ತ ಗೊತ್ತಿತ್ತೇನ್ರಿ ಸರ್?”

ಸರ್ ನನ್ನ ಗಿಡ್ಡ ಕಾಲುಗಳ ಮೇಲೆ ಬೆರಳಾಡಿಸಿದರು. ಕೊನೆಗೆ, “ಭರಮಪ್ಪನ ನೌಕರಿಗೆ ಕುತ್ತ ಬರತಿತ್ತವಾ” ಅಂದರು.

“ಮತ್ತ ನನ್ನದ್ರಿ?”

ಅವರು ಕೈ ಮುಗಿಯಲು ಹೋದರು. ಅವಳು ಆ ಕೈ ಬಿಡಿಸಿ, ಅದರಲ್ಲಿ ನನ್ನ ಜೋಡಿಯನ್ನು ಇಟ್ಟಳು.

“ಇದು ನಿಮ್ಮದ್ರಿ, ಕಪಾಟಿನ್ಯಾಗ ಇದ್ದದ್ದು. ಇದು ನಂದು” ಎಂದು ನನ್ನನ್ನು ಎತ್ತಿಕೊಂಡು ಹೊರಟಳು. ಹೊಸ್ತಿಲ ಹತ್ತಿರ ಒಮ್ಮೆ ನಿಂತಳು, ಏನೋ ಹೇಳುತ್ತಾಳೆ ಅಂದುಕೊಂಡೆ. ಚಪ್ಪಲಿ ಮೆಟ್ಟಿಕೊಂಡಳು ಅಷ್ಟೇ.

ಈಗ ನಾನು ಅವಳ ಮಗ್ಗದ ಶೆಡ್ಡಿನ ಗೋಡೆಯಲ್ಲಿ ಒಂದು ಮೊಳೆಗೆ ನೇತಾಡುತ್ತಿದ್ದೇನೆ. ಬಂದ ದಿನವೇ ಅವಳು ಉಜ್ಜುಕಾಗದ ತೆಗೆದುಕೊಂಡು ನನ್ನ ಹಿಡಿಕೆಯ ಮೇಲಿನ 256 ಪೂರಾ ಅಳಿಸಿಹೋಗುವ ತನಕ ಉಜ್ಜಿದಳು. ಬೇರೆ ಅಂಕಿ ಬರೆಯಲಿಲ್ಲ. ಕೆಳಗೆ ಮಗ್ಗಗಳು ಬೆಳಗಿನಿಂದ ಬಡಿಯುತ್ತಲೇ ಇರುತ್ತವೆ. ಏಟು ಹೆಚ್ಚು, ನಡುವಿನ ಹೊತ್ತು ಕಡಿಮೆ. ಅಷ್ಟು ಕಡಿಮೆ ಹೊತ್ತಿನಲ್ಲಿ ಅವಳು ತುಂಡಾದ ಎಳೆ ಕಟ್ಟಬೇಕು, ಬೆವರು ಒರೆಸಿಕೊಳ್ಳಬೇಕು. ಖಾಲಿ ಬೆಂಚುಗಳಿಗೆ ಪಾಠ ಹೇಳುತ್ತಿದ್ದ ಬಾಯಿ ಈಗ ಅಷ್ಟಾಗಿ ಮಾತಾಡುವುದಿಲ್ಲ. ನಾನು ಈಗ ಹೇಳುವುದು ಸತ್ಯ, ನನ್ನ ಮೈಮೇಲೆ ಅದಕ್ಕೆ ಎದುರಾಗಿ ಏನೂ ಬರೆದಿಲ್ಲ. ಆದರೆ ಈ ಖಟಾಖಟ್ ಸದ್ದಿನಲ್ಲಿ ನನ್ನನ್ನು ಬಡಿದರೂ ಕೇಳುವುದಿಲ್ಲ, ಅದು ಗೊತ್ತಿದ್ದೇ ಅವಳು ಬಡಿಯುವುದಿಲ್ಲ.